ತಳದಲ್ಲಿ ಬಿಟ್ಟ ಬೊಗಸೆ

ಬೇವೂರಿನ ಹುಲ್ಲಪ್ಪನಿಗೆ ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡುವ ಚಟವಿತ್ತು. ಒಮ್ಮೆ ಜಗ್ಗಿ ನೋಡುವವರು ಎಲ್ಲ ಕಡೆಯೂ ಇದ್ದಾರೆ. ಹುಲ್ಲಪ್ಪ ಓಣಿಯ ತಿರುವಿನವರೆಗೆ ಹೋಗಿ, ಅಲ್ಲಿ ನಿಂತು ಮನೆದೇವರು ಬೀರಪ್ಪನನ್ನು ನೆನೆದು, ಮತ್ತೆ ಹಿಂದಿರುಗಿ ಬಂದು ಜಗ್ಗುವವನು. ಇಂಥ ಮನುಷ್ಯನಿಗೂ ದೇವರು ಎಲ್ಲೋ ಒಂದು ಕೆಲಸ ಎತ್ತಿ ಇಟ್ಟಿರುತ್ತಾನೆ. ಹುಲ್ಲಪ್ಪನ ಪಾಲಿನದು ಬಾಗಲಕೋಟೆಯ ನವನಗರದಲ್ಲಿ, ಇಳಕಲ್ ಸೀರೆ ನೇಯುವವರ ಸಂಘವೊಂದರ ಹಿಂದಿನ ಕೋಣೆಯಲ್ಲಿತ್ತು.

ಮೊದಲು ಅವನು ಅಲ್ಲಿ ನೂಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದ. ಆಮೇಲೆ ಸೀರೆಯ ವಿನ್ಯಾಸಗಳೆಲ್ಲ ಕಾಗದ ಬಿಟ್ಟು ಕಂಪ್ಯೂಟರ್ ಹತ್ತಿದವು. ಇಳಕಲ್ಲಿನಲ್ಲಿ ಕೂತು ಸುಧಾರಾಣಿ ಎಂಬ ಹುಡುಗಿ ವಿನ್ಯಾಸ ಬರೆಯುವುದು, ಅದರ ಇನ್ನೊಂದು ಪ್ರತಿ ದಿನವೂ ತಂತಾನೇ ಬಾಗಲಕೋಟೆಗೆ ಬಂದು ಬ್ಯಾಕಪ್ ಯಂತ್ರದೊಳಗೆ ಸೇರಿಕೊಳ್ಳುವುದು. ಒಂದೂರಲ್ಲಿ ಬೆಂಕಿ ಬಿದ್ದರೆ ಇನ್ನೊಂದೂರಲ್ಲಿ ಉಳಿದಿರಲಿ ಎಂಬ ಏರ್ಪಾಡು. ಯಂತ್ರವನ್ನು ಯಾರ ಕೈಗೆ ಕೊಡುವುದೆಂಬ ಮಾತು ಬಂದಾಗ ಸಂಘದ ಕಾರ್ಯದರ್ಶಿ ಅಮರೇಶ, "ಹುಲ್ಲಪ್ಪಗ ಕೊಡ್ರಿ. ಅವಗ ಕಂಪ್ಯೂಟರ್ ಬರೂದಿಲ್ಲ ಖರೆ, ಆದ್ರ ಕಳಕೊಳ್ಳೂದೂ ಬರೂದಿಲ್ಲ" ಎಂದುಬಿಟ್ಟ. ಈ ಮಾತನ್ನು ಹುಲ್ಲಪ್ಪ ಬಿರುದಿನ ಹಾಗೆ ಹೊತ್ತು ತಿರುಗಿದ. ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಹುಚ್ಚವ್ವನಿಗೂ ಹೇಳಿದ. ಅವಳು, "ಮೊನ್ನೆ ಛತ್ರಿ ಕಳಕೊಂಡ ಬಂದಾಗ ನಿಮ್ಮ ಅಮರೇಶಪ್ಪ ಎಲ್ಲಿದ್ದ?" ಎಂದು ಕೇಳಿ ರೊಟ್ಟಿ ಬಡಿಯಲು ಹೋದಳು.

ತರಬೇತಿಗೆ ಅವನನ್ನು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿಯ ಮೇಷ್ಟರು ಬೋರ್ಡಿನ ಮೇಲೆ ಒಂದು ಡಬ್ಬಿಯ ಚಿತ್ರ ಬರೆದು, ಯಂತ್ರವು ತನಗೆ ಬಂದದ್ದನ್ನೆಲ್ಲ ಇಂಥ ಕಂಟೇನರುಗಳಲ್ಲಿ ತುಂಬುತ್ತದೆ, ತುಂಬಿದ್ದನ್ನು ಮುಚ್ಚುತ್ತದೆ, ಹೊಸದನ್ನು ತೆರೆಯುತ್ತದೆ, ಹಳೆಯದು ಕೆಡುವ ಮೊದಲು ಅದರಲ್ಲಿದ್ದುದನ್ನು ಇನ್ನೊಂದಕ್ಕೆ ಸಾಗಿಸಬೇಕು ಎಂದೆಲ್ಲ ಹೇಳುತ್ತಿದ್ದರೆ ಹುಲ್ಲಪ್ಪನ ಕಣ್ಣು ತೇವವಾದವು. ಇದು ತನ್ನಪ್ಪನ ಹಗೇವು! ಅವನು ಹುಡುಗನಾಗಿದ್ದಾಗ ಬೇವೂರಿನ ಮನೆಯ ಮುಂದೆ ನೆಲದೊಳಗೆ ತೋಡಿದ ಜೋಳದ ಹಗೇವು ಇತ್ತು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ತೆರೆದ ಕೂಡಲೇ ಇಳಿಯುವಂತಿಲ್ಲ. ಕಂದೀಲು ಇಳಿಬಿಟ್ಟು, ಉರಿಯುತ್ತದೆಯೇ ನೋಡಿ, ಆಮೇಲೆ ಇಳಿಯಬೇಕು. ಜಗತ್ತು ಎಷ್ಟು ದೂರ ಹೋದರೂ ಕಡೆಗೆ ಅಪ್ಪನ ಅಂಗಳಕ್ಕೇ ಬಂತಲ್ಲ ಎಂದು ಅವನಿಗೆ ಹೆಮ್ಮೆಯೆನಿಸಿತು. ಈ ಹೆಮ್ಮೆಯಲ್ಲಿ ಮೇಷ್ಟರು ಮುಂದೆ ಹೇಳಿದ್ದು ಅರ್ಧ ಕೇಳಿಸಲಿಲ್ಲ. ಆ ಅರ್ಧವೇ ಮುಖ್ಯವಾಗಿತ್ತು ಎಂಬುದು ಬೇರೆ ಮಾತು.

ಕೇಳಿಸಿಕೊಂಡ ಅರ್ಧದಲ್ಲಿ ಒಂದು ಸಂಗತಿ ಅವನಿಗೆ ಭಾಳ ಹಿಡಿಸಿತ್ತು. ಯಂತ್ರ ಬಲು ಜಿಪುಣ. ಹತ್ತು ಸೀರೆಗಳಲ್ಲಿ ಒಂದೇ ಹೂವಿದ್ದರೆ ಅದು ಹೂವನ್ನು ಒಂದೇ ಸಲ ಇಟ್ಟುಕೊಂಡು, ಉಳಿದ ಸೀರೆಗಳ ಮುಂದೆ 'ಹೂವು ಅಲ್ಲಿದೆ' ಎಂದು ಗುರುತು ಮಾಡಿಕೊಳ್ಳುತ್ತದೆ. ಸಂಘಕ್ಕೆ ಯಾರೇ ಬರಲಿ, ಹುಲ್ಲಪ್ಪ ಅವರನ್ನು ಹಿಂದಿನ ಕೋಣೆಗೆ ಕರೆದೊಯ್ದು ಮಿಣಮಿಣ ದೀಪಗಳನ್ನು ತೋರಿಸಿ ಇದನ್ನು ವಿವರಿಸುತ್ತಿದ್ದ. "ನಮ್ಮ ಓಣ್ಯಾಗ ಒಂದ ಬೀಸೂ ಕಲ್ಲ ಮೂರ ಮನಿಗೆ ನಡೀತಿತ್ತಲ್ರಿ, ಹಂಗ. ಎಲ್ಲಾರಿಗೂ ಐತಿ, ಇರೂದು ಒಂದ." ಬಂದವರು ತಲೆಯಾಡಿಸುತ್ತಿದ್ದರು. ಆ ಕಲ್ಲನ್ನು ಯಾರಾದರೂ ಎತ್ತಿಕೊಂಡು ಹೋದರೆ ಮೂರು ಮನೆಯ ಒಲೆಯೂ ಹತ್ತುವುದಿಲ್ಲ ಎಂಬ ವಿಚಾರ ವಿವರಿಸುವವನಿಗೂ ಬರಲಿಲ್ಲ, ಕೇಳುವವರಿಗೂ ಬರಲಿಲ್ಲ.

ಹೀಗಿರುವಾಗ ಶ್ರಾವಣದಲ್ಲಿ ಒಂದು ದಿನ ಎಲ್ಲಕ್ಕಿಂತ ಹಳೆಯ ಕಂಟೇನರಿದ್ದ ಡಿಸ್ಕಿನ ದೀಪ ಕೆಂಪಗಾಯಿತು. ಅಮರೇಶ ಬೀಗರ ಮನೆಯ ವಾಸ್ತುಶಾಂತಿಗೆ ಬಾದಾಮಿಗೆ ಹೋಗಿದ್ದ. ಹುಲ್ಲಪ್ಪ ಫೋನು ಮಾಡಿದ.

"ಅಷ್ಟಕ್ಕ ಯಾಕ ಗಾಬರಿ ಆಗ್ತಿ ಮಾರಾಯಾ? ಅದರಾಗಿಂದೆಲ್ಲಾ ಹೊಸಾ ಕಂಟೇನರಿಗೆ ಸಾಗಸು. ಖಾಲಿ ಆದಮ್ಯಾಲ ಹಳೇ ಡಿಸ್ಕ್ ತಗದ ಒಗಿ" ಎಂದು ಅಮರೇಶ ಹೋಳಿಗೆ ಬಾಯಲ್ಲಿಟ್ಟುಕೊಂಡೇ ಹೇಳಿದ.

'ಒಗಿ' ಎಂಬ ಮಾತು ಹುಲ್ಲಪ್ಪನಿಗೆ ಚುಚ್ಚಿತು. ವರ್ಷಗಟ್ಟಲೆ ಅನ್ನ ಕಾಯ್ದ ಪಾತ್ರೆಯನ್ನು ಒಗೆಯುವುದೇ? ಆದರೂ ಆಜ್ಞೆ ಆಜ್ಞೆಯೇ. ಕೈಕಾಲು ತೊಳೆದುಕೊಂಡು ಬಂದು, ಹಣೆಗೆ ಬೀರಪ್ಪನ ಭಂಡಾರದ ಅರಿಸಿನ ಹಚ್ಚಿಕೊಂಡು, ಸಾಗಿಸುವ ಗುಂಡಿ ಒತ್ತಿದ. ತೆರೆಯ ಮೇಲೆ ಹಸಿರು ಪಟ್ಟಿ ಮೆಲ್ಲಗೆ ಬೆಳೆಯತೊಡಗಿತು. ಅವನು ಎದುರಿಗೆ ಸ್ಟೂಲಿನ ಮೇಲೆ ಕೈಕಟ್ಟಿ ಕೂತ. ಪಟ್ಟಿ ಇನ್ನೇನು ತುದಿ ಮುಟ್ಟುತ್ತದೆ ಎನ್ನುವಾಗ ಅವನಿಗೆ ಅಪ್ಪ ಕಂಡ. ಹಗೇವಿನಿಂದ ಕಡೆಯ ಬುಟ್ಟಿ ಮೇಲೆ ಕೊಟ್ಟು, ಅಪ್ಪ ಒಂದು ಬೊಗಸೆ ಜೋಳವನ್ನು ತಿರುಗಿ ತಳಕ್ಕೇ ಸುರಿಯುತ್ತಿದ್ದ. "ಹೊಟ್ಟಿ ಪೂರಾ ಬರಿದ ಮಾಡಬಾರದಲೇ ಹುಲ್ಲ್ಯಾ. ತಳದಾಗ ಒಂದ ಬೊಗಸಿ ಇದ್ರ ಲಕ್ಷ್ಮಿ ದಾರಿ ಮರಿಯೂದಿಲ್ಲ."

ಹುಲ್ಲಪ್ಪ ನಿಲ್ಲಿಸುವ ಗುಂಡಿ ಒತ್ತಿದ.

ಕೆಂಪು ಅಕ್ಷರದಲ್ಲಿ ಏನೋ ಬಂತು. ಇನ್ನೂ ಸ್ವಲ್ಪ ಉಳಿದಿದೆ, ಖಾಲಿಯಾಗದ ಕಂಟೇನರನ್ನು ತೆಗೆಯಬಾರದು ಎಂಬಂಥದ್ದು. ಓದಿದ. ಕೆಂಪನ್ನು ಕುಂಕುಮವೆಂದು ತಿಳಿದು ಕೈಮುಗಿದ. ಆಮೇಲೆ ಕರೆಂಟು ಆರಿಸಿ, ಡಿಸ್ಕನ್ನು ಕೈಯಿಂದಲೇ ಎಳೆದು ತೆಗೆದು, ಹೊಸ ಟವೆಲ್ಲಿನಲ್ಲಿ ಸುತ್ತಿ ಊರಿಗೆ ಒಯ್ದ.

"ಏನ್ರೀ ಇದು?" ಎಂದಳು ಹುಚ್ಚವ್ವ, ಜಗಲಿಯ ಮೇಲೆ ಬೀರಪ್ಪನ ಪಕ್ಕದಲ್ಲಿ ಕಬ್ಬಿಣದ ತುಂಡು ಕೂತಿದ್ದನ್ನು ಕಂಡು.

"ಹಗೇವ."

"ಇಷ್ಟ ಸಣ್ಣದಾತು?"

"ಇದರಾಗ ಇಳಕಲ್ಲಿನ ಸೀರಿ ಎಲ್ಲಾ ಇದ್ದೂ."

"ಹಂಗಾರ ನನಗೊಂದ ತಗದ ಕೊಡ್ರಿ" ಎಂದು ಅವಳು ಅದಕ್ಕೂ ಒಂದು ಚಿಟಿಕೆ ಭಂಡಾರ ಹಾಕಿದಳು.

ಅಮಾವಾಸ್ಯೆಗೆ ಗಂಡಹೆಂಡತಿ ಕೂಡಲಸಂಗಮಕ್ಕೆ ಹೋದರು. ಮನೆಯಲ್ಲಿ ಹರಿದ ದೇವರ ಪಟಗಳು, ಮುಕ್ಕಾದ ಮಣ್ಣಿನ ಬಸವಣ್ಣ ಇದ್ದವು. ಅವನ್ನು ಹೊಳೆಗೆ ಬಿಡುವುದಿತ್ತು. ಅವುಗಳ ಜೊತೆ ಹುಲ್ಲಪ್ಪ ಡಿಸ್ಕನ್ನೂ ತಂದಿದ್ದ. ಎರಡು ಹೊಳೆ ಕೂಡುವಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಇಷ್ಟು ದಿನ ಕಾಯ್ದದ್ದಕ್ಕೆ ಶರಣು ಹೇಳಿ, ಹೂವಿನ ಸಮೇತ ತೇಲಿಬಿಟ್ಟ. ಹೂವು ತೇಲಿತು. ಡಿಸ್ಕು ಗುಳುಂ ಎಂದಿತು.

ಅಂದು ಅವನು ಮಲಗಿದಷ್ಟು ನೆಮ್ಮದಿಯಿಂದ ಆ ತಿಂಗಳು ಯಾರೂ ಮಲಗಿರಲಾರರು.

ಮುಂದೆ ಕೆಲವು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಮುಂಜಾನೆ ಸುಧಾರಾಣಿಯ ಫೋನು ಬಂತು. ಇಳಕಲ್ಲಿನಲ್ಲಿ ಕರೆಂಟು ಏರಿಳಿದು, ಅವಳ ಕೋಣೆಯ ಕಂಪ್ಯೂಟರು ಹೊಗೆ ಬಿಟ್ಟು ಸತ್ತುಹೋಗಿತ್ತು. ಒಳಗಿನದೇನೂ ಉಳಿಯುವಂತಿಲ್ಲವೆಂದು ರಿಪೇರಿಯವನು ಹೇಳಿದ್ದ.

"ಸರ್, ನಿಮ್ಮಂತ್ಯಾಕ ಎಲ್ಲಾ ಐತಲ್ರಿ?" ಎಂದು ಎರಡೆರಡು ಸಲ ಕೇಳಿದಳು.

"ಎವ್ವಾ, ನೀ ಚಾ ಕುಡದ ಬಾ. ಅಷ್ಟರಾಗ ಕಳಸ್ತೇನಿ" ಎಂದ ಹುಲ್ಲಪ್ಪ. ಇಷ್ಟು ವರ್ಷ ಜಗ್ಗಿ ನೋಡಿದ ಬೀಗ ಈಗ ಎಲ್ಲರ ಮುಂದೆ ತೆರೆಯುವ ದಿನ ಬಂದಿತ್ತು. ಒಳಗೊಳಗೇ ಅವನಿಗೆ ಹಿಗ್ಗು. ಪಾಪಿ ಮನಸ್ಸು, ಆ ಹುಡುಗಿಯ ಕಂಪ್ಯೂಟರು ಸುಟ್ಟದ್ದಕ್ಕೆ ಒಂದು ಕ್ಷಣ ಸಂತೋಷವನ್ನೂ ಪಟ್ಟಿತು.

ಸುಧಾರಾಣಿಗೆ ಆ ವಿನ್ಯಾಸಗಳು ಎಂಥವು ಎಂಬುದು ಅವನಿಗೆ ಗೊತ್ತಿತ್ತು. ಹುನಗುಂದ, ಇಳಕಲ್ ಸೀಮೆಯ ಊರೂರು ತಿರುಗಿ, ಮುದುಕಿಯರ ಟ್ರಂಕು ತೆಗೆಸಿ, ಅಂಚು ಸವೆದ ಸೀರೆಗಳನ್ನು ನೆಲದ ಮೇಲೆ ಹಾಸಿ, ಎಳೆ ಎಣಿಸಿ ಬರೆದುಕೊಂಡು ಬಂದವು ಅವು. ಆ ಸೀರೆಗಳಲ್ಲಿ ಎಷ್ಟೋ ಈಗ ಕೌದಿಯಾಗಿ ಮೊಮ್ಮಕ್ಕಳ ಮೈಮೇಲಿವೆ. ಕೆಲವು ಉಟ್ಟವರ ಜೊತೆಗೇ ಮಣ್ಣಿಗೆ ಹೋಗಿವೆ. ಮತ್ತೊಮ್ಮೆ ಬರೆಯೋಣವೆಂದರೆ ನೋಡಲು ಸೀರೆಯೇ ಇಲ್ಲ.

ಹುಲ್ಲಪ್ಪ ಹಿಂದಕ್ಕೆ ತರುವ ಗುಂಡಿ ಒತ್ತಿದ. ಅಮರೇಶ ಚಾ ಹಿಡಿದುಕೊಂಡು ಬೆನ್ನ ಹಿಂದೆ ನಿಂತ. ಮೊದಲ ಸೀರೆ ತೆರೆಯ ಮೇಲೆ ಬಿಚ್ಚಿಕೊಂಡಿತು. ಅಂಚಿಗೆ ಗಾಡಿ ದಡಿ, ಕಪ್ಪು ಒಡಲು, ಸಣ್ಣ ಚೌಕಡಿ. ಸೆರಗಿನ ಜಾಗದಲ್ಲಿ ಮಾತ್ರ ಬೂದು ಬಣ್ಣದ ಖಾಲಿ ಪಟ್ಟಿ.

"ಇದರ ಸೆರಗ ಎಲ್ಲೈತಿ?" ಎಂದ ಅಮರೇಶ.

"ಬರಾಕತ್ತಿರಬೇಕ್ರಿ. ದೊಡ್ಡದಲ್ಲಾ, ಹಿಂದಾಗಡೆ ಬರ್ತೈತಿ."

ಎರಡನೆಯದು ಬಂತು. ಸೆರಗಿಲ್ಲ. ಮೂರನೆಯದಕ್ಕೂ ಇಲ್ಲ. ಆಮೇಲೆ ಬಂದವು ಸಾಲುಗಟ್ಟಿ, ಒಂದಕ್ಕಿಂತ ಒಂದು ಚೆಂದ, ಒಂದಕ್ಕೂ ಸೆರಗಿಲ್ಲ. ಪ್ರತಿಯೊಂದರ ತಲೆಯ ಮೇಲೂ 'ತುಂಡು ಸಿಗಲಿಲ್ಲ, ಕಡತ ತೆರೆಯದು' ಎಂಬ ಕೆಂಪು ಸಾಲು. ನೆರಳು ಕಾಣುತ್ತದೆ, ವಸ್ತು ಕೈಗೆ ಬರುವುದಿಲ್ಲ.

"ಅಲ್ಲೋ ಹುಲ್ಲಪ್ಪಾ, ಹೆಣ್ಮಕ್ಕಳು ತಲಿಮ್ಯಾಲ ಏನ ಹೊತ್ಕೋಬೇಕು? ನಿನ್ನ ಹಗೇವ?"

ಹುಲ್ಲಪ್ಪ ತೆರೆಯ ಹತ್ತಿರಕ್ಕೆ ಬಗ್ಗಿದ. ಅವನಿಗೆ ತಿಳಿದುಹೋಗಿತ್ತು. ಇಳಕಲ್ ಸೀರೆಯ ಒಡಲು ಬೇರೆಯಾಗಬಹುದು, ದಡಿ ಬೇರೆಯಾಗಬಹುದು. ಸೆರಗು ಮಾತ್ರ ಒಂದೇ: ತೋಪ ತೆನೆ, ಕೆಂಪಿನ ನಡುವೆ ಬಿಳಿಯ ತೆನೆಗಳು. ಸುಧಾರಾಣಿ ಅದನ್ನು ಒಮ್ಮೆ ಬರೆದು ಎಲ್ಲ ಸೀರೆಗೂ ಅದನ್ನೇ ಜೋಡಿಸಿದ್ದಳು. ಜಿಪುಣ ಯಂತ್ರ ಅದನ್ನು ಒಂದೇ ಸಲ ಇಟ್ಟುಕೊಂಡಿತ್ತು. ಎಲ್ಲಕ್ಕಿಂತ ಮೊದಲು ಬಂದದ್ದಾದ್ದರಿಂದ ಅದು ಎಲ್ಲಕ್ಕಿಂತ ಹಳೆಯ ಕಂಟೇನರಿನ ಎಲ್ಲಕ್ಕಿಂತ ತಳದಲ್ಲಿತ್ತು. ತಳದಲ್ಲಿ ಅವನು ಬಿಟ್ಟ ಬೊಗಸೆಯೇ ಅದು. ಲಕ್ಷ್ಮಿ ದಾರಿ ಮರೆಯದಿರಲೆಂದು ಇಟ್ಟದ್ದರಲ್ಲಿ ಲಕ್ಷ್ಮಿಯೇ ಕೂತಿದ್ದಳು.

ಇದ್ದದ್ದನ್ನು ಇದ್ದ ಹಾಗೆ ಅಮರೇಶನಿಗೆ ಹೇಳಿದ.

ಅಮರೇಶ ಚಾದ ಕಪ್ಪು ಕೆಳಗಿಟ್ಟ. "ಹೋಗ್ಲಿ. ಆ ಡಿಸ್ಕ್ ಎಲ್ಲೈತಿ ಈಗ?"

"ಸಂಗಮದಾಗ್ರಿ."

"ಸಂಗಮದಾಗ ಯಾರ ಮನ್ಯಾಗ?"

"ನೀರಾಗ್ರಿ."

ಅಮರೇಶ, "ಐಕ್ಯ ಆತನ್ನು" ಎಂದು ಉಸಿರುಬಿಟ್ಟ. "ನಾನರ ಒಗಿ ಅಂದಿದ್ದೆ. ನಾ ಹೇಳಿದಂಗ ತಿಪ್ಪ್ಯಾಗ ಒಗದಿದ್ರ ಹೋಗಿ ಆರಿಸ್ಕೊಂಡ ಬರ್ತಿದ್ವಿ. ಭಕ್ತಿಲೇ ಒಗದೀ ನೋಡು, ಅದಕ್ಕ ಹೋತು. ಈಗ ನೀನ ಹೋಗಿ ಆ ಹುಡುಗಿ ಮುಂದ ಹೇಳು. ಫೋನಿನ್ಯಾಗ ಹೇಳಬ್ಯಾಡ."

ಹುಲ್ಲಪ್ಪ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕೂತು ಸುಳ್ಳುಗಳನ್ನು ಒಂದೊಂದಾಗಿ ಹೊರತೆಗೆದು ನೋಡಿದ. ಸಿಡಿಲು ಬಡಿಯಿತು ಎನ್ನಲೇ? ಆಕಾಶದಲ್ಲಿ ಒಂದು ಮೋಡವಿಲ್ಲ. ಇಲಿ ಕಡಿಯಿತು ಎನ್ನಲೇ? ಬರೇ ಸೆರಗುಗಳನ್ನು ಆರಿಸಿ ಕಡಿಯುವ ಇಲಿ ಎಲ್ಲಿದೆ? ಸುಳ್ಳು ಹೇಳುವುದಕ್ಕೂ ಒಂದು ಬುದ್ಧಿ ಬೇಕು, ಆ ಖಾತೆಯಲ್ಲೂ ತನ್ನದು ತಳ ಕಂಡಿದೆ ಎಂದು ಅವನಿಗೆ ಅನ್ನಿಸಿತು. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ಕೊಂಡ. ಹುನಗುಂದದ ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಕೂಡಲಸಂಗಮದ ಬೋರ್ಡು ಹೊತ್ತ ಬಸ್ಸು ಬಂದು ನಿಂತಿತು. ರೂಢಿಯಂತೆ ಬೋರ್ಡಿಗೆ ಕೈಮುಗಿದ. ಮುಗಿದ ಕೈ ಹಾಗೆಯೇ ನಿಂತಿತು. ಏನೆಂದು ಬೇಡಿಕೊಳ್ಳುವುದು? ತಾನೇ ಹೂವಿಟ್ಟು ಕೊಟ್ಟದ್ದನ್ನು ತಿರುಗಿ ಕೊಡು ಎಂದು ದೇವರ ಮುಂದೆ ಯಾವ ಬಾಯಿಂದ ಕೇಳುವುದು?

ಸುಧಾರಾಣಿಯ ಕೋಣೆಯಲ್ಲಿ ಇನ್ನೂ ಸುಟ್ಟ ವೈರಿನ ವಾಸನೆಯಿತ್ತು. ಅವಳು ಅವನ ಕೈಯಲ್ಲಿದ್ದ ಪೊಟ್ಟಣ ನೋಡಿದಳು, ಮುಖ ನೋಡಿದಳು.

"ಕರದಂಟ ತಂದೀರಿ ಅಂದ್ರ ಭಾಳ ಕೆಟ್ಟದ್ದ ಆಗೈತಿ. ಹೇಳ್ರಿ ಸರ್."

ಹೇಳಿದ. ಬೊಗಸೆ, ಜಗಲಿ, ಅಮಾವಾಸ್ಯೆ, ಗುಳುಂ, ಏನನ್ನೂ ಬಿಡಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತಳು. ಬೈಯಲಿಲ್ಲ, ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಆ ಮುದುಕ್ಯಾರೊಳಗ ಮೂರ ಪಾಲಿಗೆ ಎರಡ ಪಾಲು ಈಗಿಲ್ರಿ ಸರ್. 'ನನ್ನ ಸೀರಿ ಇನ್ನ ಎಲ್ಲೂ ಹೋಗೂದಿಲ್ಲವ್ವಾ' ಅಂತ ತಿಳಕೊಂಡ ಹೋದ್ರು" ಎಂದಳು.

ಹುಲ್ಲಪ್ಪ ನೆಲ ನೋಡಿದ. ನೆಲವೂ ಅವನನ್ನು ಒಳಗೆ ಕರೆದುಕೊಳ್ಳಲು ಸಿದ್ಧವಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳು ಕಣ್ಣೊರೆಸಿಕೊಂಡು ಎದ್ದಳು. "ಸೆರಗ ಒಂದ ಅಲ್ಲಾ? ನಾ ಮತ್ತ ಬರೀತೇನಿ. ಮಷೀನಿಗೆ ಕೊಟ್ಟ ನೋಡ್ರಿ." ಪಕ್ಕದ ಮನೆಯವರ ಲ್ಯಾಪ್‌ಟಾಪ್ ತಂದು ಮಧ್ಯಾಹ್ನದವರೆಗೆ ಬರೆದು ಬಾಗಲಕೋಟೆಗೆ ಕಳಿಸಿದಳು. ಕಣ್ಣಿಗೆ ಅದೇ ತೋಪ ತೆನೆ. ಅಮರೇಶನ ಫೋನು ಬಂತು. ಯಂತ್ರ ಅದನ್ನು ಹೊಸ ಸೆರಗೆಂದು ತೆಗೆದುಕೊಂಡು ಬೇರೆಯೇ ಇಟ್ಟುಕೊಂಡಿತ್ತು. ಒಂದು ಚುಕ್ಕೆ ಆಚೀಚೆಯಾದರೂ ಅದಕ್ಕೆ ಅದಲ್ಲ. ಕಳೆದ ಸೆರಗೇ ಬರಬೇಕು. ಅದೇ ಬಂದರೆ ಒಂದೇ ಏಟಿಗೆ ಎಲ್ಲ ಸೀರೆಗೂ ಕೂಡಿಕೊಳ್ಳುತ್ತದಂತೆ. ಹುಬ್ಬಳ್ಳಿಯ ಮೇಷ್ಟರನ್ನು ಅಮರೇಶ ಕೇಳಿದ್ದ. "ಈ ಮಾತು ಅವ್ರು ಅವತ್ತ ಹೇಳಿದ್ರಂತಪಾ. ನೀ ಅಳಾಕತ್ತಿದ್ಯಂತ" ಎಂದೂ ಸೇರಿಸಿದ.

"ಆ ಹಳೇ ಸೆರಗ ನಾ ಯಾರಿಗರ ಕೊಟ್ಟೇನೇನು..." ಎಂದು ಸುಧಾರಾಣಿ ಹಣೆ ಒತ್ತಿಕೊಂಡಳು. ನೇಕಾರರೆಲ್ಲ ಅವಳಿಂದ ದಡಿ ಮಾತ್ರ ಒಯ್ಯುತ್ತಿದ್ದರು. ಸೆರಗು ಎಲ್ಲರ ಕೈಗೂ ಗೊತ್ತಿದ್ದದ್ದು, ಅದಕ್ಕೆ ಕಂಪ್ಯೂಟರೇಕೆ? ಸಟ್ಟನೆ ಅವಳು ತಲೆಯೆತ್ತಿದಳು. "ಅಬ್ದುಲಸಾಬ!"

ಅಬ್ದುಲಸಾಬ ಊರ ಅಂಚಿನ ನೇಕಾರ. ಚಿತ್ರವನ್ನು ಕಂಪ್ಯೂಟರಿನ ಮೆಮೊರಿ ಕಾರ್ಡಿನಿಂದ ಓದಿಕೊಂಡು ಎಳೆ ಎತ್ತುವ ಮಗ್ಗವೊಂದನ್ನು ಹಾಕಿಸಿ, ಸೆರಗನ್ನೂ ಅದರಿಂದಲೇ ನೇಯುತ್ತೇನೆಂದು ಹಟ ಹಿಡಿದು, ಕೇರಿಯವರಿಂದ ನಗಿಸಿಕೊಂಡವನು. ಇಬ್ಬರೂ ಅವನ ಮನೆಗೆ ಹೋದಾಗ ಮಗ್ಗದ ಮುಂದೆ ಕೂತು ಎಳೆ ಸಿಕ್ಕಿಸುತ್ತಿದ್ದ. ಮಗ್ಗದ ನೆತ್ತಿಯ ಪೆಟ್ಟಿಗೆಯಲ್ಲಿ ಕಾರ್ಡಿತ್ತು. ಕಾರ್ಡಿನಲ್ಲಿ ಸುಧಾರಾಣಿ ವರ್ಷದ ಹಿಂದೆ ಹಾಕಿಕೊಟ್ಟ ಇಡೀ ಸೀರೆ, ಸೆರಗಿನ ಸಮೇತ.

ಹುಲ್ಲಪ್ಪ ಕೈ ಚಾಚಿದ. ಅಬ್ದುಲಸಾಬ ಆ ಕೈಮೇಲೆ ಪಟ್ಟೆಂದು ಹೊಡೆದ.

"ಮುಟ್ಟಬ್ಯಾಡ್ರಿ! ನಡುವ ಕಾರ್ಡ ತಗದ್ರ ಈ ಮಗ್ಗ ಎಲ್ಲಿದ್ದೆ ಅಂಬೂದ ಮರೀತೈತಿ. ಒಡಲು ಆಗೈತಿ, ಸೆರಗು ಬಾಕಿ. ಸೆರಗ ಮುಗೀಲಿ, ಒಯ್ಯಿರಿ."

"ಎಷ್ಟ ಹೊತ್ತ ಆಗ್ತೈತ್ರಿ ಸಾಹೇಬ್ರ?"

"ಕೊಂಡಿ ಹಾಕೂದ ಉಳದೈತಿ. ನಮ್ಮ ಮನ್ಯಾಕಿ ಮಗಳ ಬಾಣಂತನಕ್ಕ ಹುನಗುಂದಕ್ಕ ಹೋಗ್ಯಾಳ. ಇದು ಒಬ್ಬನ ಕೈಲೆ ಆಗೂ ಕೆಲಸಲ್ಲ. ನೀವು ಕುಂತ್ರ ಸಂಜೀಕ, ಕುಂದರದಿದ್ರ ನಾಡಿದ್ದ."

ಕುಂತ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆ ಮಾಡಿ ಸಿಕ್ಕಿಸಬೇಕು, ಅದೇ ಕೊಂಡಿ. ಅಬ್ದುಲಸಾಬ ಎಳೆ ಎತ್ತಿ ಕೊಡುವನು, ಹುಲ್ಲಪ್ಪ ಸಿಕ್ಕಿಸುವನು. ದಪ್ಪ ಬೆರಳು, ಕನ್ನಡಕ ಮೂಗಿನ ತುದಿಗೆ. ಮೊದಮೊದಲು ಎಳೆ ಹರಿದವು. "ಸರ್ಕಾರಿ ಕೈ" ಎಂದು ಅಬ್ದುಲಸಾಬ ಗೊಣಗಿದ. "ಸಂಘದ್ದು" ಎಂದು ತಿದ್ದಿದ ಹುಲ್ಲಪ್ಪ. ಬರಬರುತ್ತ ಕೈಗೆ ಲಯ ಸಿಕ್ಕಿತು. ಒಂದು ಎಳೆ, ಒಂದು ಬೀರಪ್ಪ. ಇನ್ನೊಂದು ಎಳೆ, ಇನ್ನೊಂದು ಬೀರಪ್ಪ. ಜಪಸರ ಹಿಡಿದು ಕೂತವನ ಹಾಗೆ ಅವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ತನ್ನ ಪಾಪ ಇಲ್ಲೇ ಕಳೆಯುತ್ತಿದೆ ಎಂಬಂಥ ಒಂದು ಪುಣ್ಯದ ಭಾವವೂ ಬಂತು. ಕಡೆಗೆ ಸೊಂಟ ನೆಟ್ಟಗೆ ಮಾಡಿ, "ಆತ್ರಿ" ಎಂದ.

ಅಬ್ದುಲಸಾಬ ಅಂಚಿನವರೆಗೆ ಬೆರಳಾಡಿಸಿಕೊಂಡು ಹೋಗಿ ನಿಂತ. "ಕಡೀ ನಾಕ ಎಳಿ ಯಾಕ ಬಿಟ್ರಿ?"

ಹುಲ್ಲಪ್ಪ ಬಗ್ಗಿ ನೋಡಿದ. ಖರೆ, ನಾಲ್ಕು ಎಳೆ ಹಾಗೇ ಜೋಲುತ್ತಿದ್ದವು. ಬೇಕೆಂದು ಬಿಟ್ಟದ್ದಲ್ಲ; ಕೈಯೇ ತಾನಾಗಿ ನಿಂತುಬಿಟ್ಟಿತ್ತು.

ಬಾಗಿಲಲ್ಲಿ ನಿಂತಿದ್ದ ಸುಧಾರಾಣಿ ಸೆರಗು ಬಾಯಿಗೊತ್ತಿಕೊಂಡಳು. ಮುಂಜಾನೆಯಿಂದ ಅವಳು ನಕ್ಕದ್ದು ಅದೇ ಮೊದಲು. "ಸಾಹೇಬ್ರ, ಅವ್ರು ಲಕ್ಷ್ಮಿಗೆ ಬಿಟ್ಟಾರ್ರಿ."

"ಲಕ್ಷ್ಮಿ ಇದ ಸೀರಿ ಉಟ್ರ ಇಲ್ಲಿಂದ ಪರ್ರ ಅಂತ ಹರೀತೈತಿ. ಹಾಕ್ರಿ, ಹಾಕ್ರಿ" ಎಂದ ಅಬ್ದುಲಸಾಬ.

ಹಾಕಿದ. ಆ ನಾಲ್ಕು ಎಳೆಗೆ ತೆಗೆದುಕೊಂಡಷ್ಟು ಹೊತ್ತನ್ನು ಹಿಂದಿನ ಯಾವ ಎಳೆಗೂ ತೆಗೆದುಕೊಂ‌ಡಿರಲಿಲ್ಲ. ಮನಸ್ಸಿನಲ್ಲೇ ಅಪ್ಪನಿಗೆ, "ಸಿಟ್ಟ ಆಗಬ್ಯಾಡಪಾ, ಇದು ಜೋಳಲ್ಲ" ಎಂದ.

ಮಗ್ಗ ಸದ್ದು ಮಾಡತೊಡಗಿತು. ಕೆಂಪಿನೊಳಗಿಂದ ಬಿಳಿಯ ತೆನೆಗಳು ಒಂದೊಂದಾಗಿ ಎದ್ದವು. ಹೊತ್ತು ಇಳಿಯುವ ವೇಳೆಗೆ ಸೆರಗು ಮುಗಿದು, ಅಬ್ದುಲಸಾಬ ಬಿಸ್ಮಿಲ್ಲಾ ಎಂದು ಕಾರ್ಡು ತೆಗೆದುಕೊಟ್ಟ. ಸುಧಾರಾಣಿ ಅಲ್ಲಿಯೇ ಕಟ್ಟೆಯ ಮೇಲೆ ಕೂತು, ಜೊತೆಗೆ ತಂದಿದ್ದ ಲ್ಯಾಪ್‌ಟಾಪಿಗೆ ಕಾರ್ಡು ಹಾಕಿ, ಅದರಲ್ಲಿದ್ದ ಸೀರೆಯನ್ನು ಬಾಗಲಕೋಟೆಗೆ ಕಳಿಸಿದಳು. ಮೂವರೂ ಫೋನನ್ನು ನಡುವೆ ಇಟ್ಟುಕೊಂಡು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಕಾಯ್ದರು.

"ಹುಲ್ಲಪ್ಪಾ!" ಎಂದು ಅಮರೇಶ ಫೋನಿನಲ್ಲಿ ಕೂಗಿದ. "ಕೆಂಪಗಿದ್ದೂ ಎಲ್ಲಾ ಹಸರ ಆಗಾಕತ್ತಾವಲೇ! ಕಳಸ್ತೇನಿ, ತಗೀರಿ."

ಸುಧಾರಾಣಿ ಮೊದಲನೆಯದನ್ನು ತೆರೆದಳು. ಗಾಡಿ ದಡಿ, ಕಪ್ಪು ಒಡಲು, ಸಣ್ಣ ಚೌಕಡಿ. ತುದಿಯಲ್ಲಿ ತೋಪ ತೆನೆ ತುಂಬಿ ನಿಂತಿತ್ತು. ಅವಳು ತೆರೆಯ ಮೇಲೆ ಅಂಗೈ ಇಟ್ಟಳು.

ಹುಲ್ಲಪ್ಪ ಎದ್ದು ಧೋತರ ಕೊಡವಿದ. "ಹಂಗಾರ ನಾ ಬರ್ತೇನಿ ಎವ್ವಾ. ಬಸ್ಸಿನ ಹೊತ್ತಾತು."

"ಉಳದೂ ನೋಡೂದಿಲ್ಲೇನ್ರಿ?"

"ಎಲ್ಲಾದಕ್ಕೂ ಅದ ಸೆರಗಲ್ಲಾ. ಒಂದ ಬಂತಂದ್ರ ಎಲ್ಲಾ ಬಂದಂಗ."

ಅವಳು ಬರೇ ಅವನ ಕಡೆ ನೋಡಿದಳು. ಹುಲ್ಲಪ್ಪ ಕುಂತ.

ಒಂದೊಂದಾಗಿ ತೆರೆದರು. ಪ್ರತಿಯೊಂದಕ್ಕೂ ಸುಧಾರಾಣಿ ಒಂದು ಹೆಸರು ಹೇಳುವಳು. ಇದು ಸೂಳೇಬಾವಿಯ ಶಿವಲಿಂಗವ್ವನ ಮದುವೆ ಸೀರೆ. ಇದನ್ನು ಉಟ್ಟವಳಿಗೆ ಕಣ್ಣು ಕಾಣುತ್ತಿರಲಿಲ್ಲ, ದಡಿಯನ್ನು ಬೆರಳಿಂದ ಓದಿ ಹೇಳಿದಳು. ಇದನ್ನು ಈಗ ನಾಯಿಮರಿ ಹೊದ್ದುಕೊಂಡು ಮಲಗುತ್ತದೆ. ಹುಲ್ಲಪ್ಪ ಇಷ್ಟು ವರ್ಷ ಇವರನ್ನೆಲ್ಲ ಕಾಯುತ್ತಿದ್ದ. ಒಬ್ಬರ ಮುಖವನ್ನೂ ನೋಡಿರಲಿಲ್ಲ. ಬೀಗವನ್ನಷ್ಟೇ ಜಗ್ಗುತ್ತಿದ್ದ. ದೂರದಲ್ಲಿ ಬಾಗಲಕೋಟೆ ಬಸ್ಸು ಹಾರ್ನು ಹೊಡೆದು ಹೋಯಿತು.

ಹುಚ್ಚವ್ವನ ಫೋನು ಬಂತು. "ಎಲ್ಲಿ ಅದೀರಿ? ರೊಟ್ಟಿ ಆರಾಕತ್ತಾವು."

"ಇಳಕಲ್ಲಾಗ. ಬರೂದ ತಡಾ ಆಗ್ತೈತಿ."

"ಏನ್ ಮಾಡಾಕತ್ತೀರಿ ಅಲ್ಲಿ?"

"ಸೆರಗ ನೋಡಾಕತ್ತೇನಿ."

ಆ ಕಡೆ ಹಂಚು ಕೆಳಗಿಟ್ಟ ಸದ್ದಾಯಿತು. "ಯಾರ ಸೆರಗ್ರೀ?"

ಹುಲ್ಲಪ್ಪ ಈ ದಿನ ತಾನು ಬಾಯಿಬಿಟ್ಟರೆ ಇನ್ನೊಂದು ಅನಾಹುತವೇ ಎಂದು ತಿಳಿದು ಫೋನನ್ನು ಅಬ್ದುಲಸಾಬನ ಕೈಗೆ ಕೊಟ್ಟುಬಿಟ್ಟ. ಅಬ್ದುಲಸಾಬ ನಗುತ್ತ, "ತಂಗೀ, ನಿನ್ನ ಗಂಡ ಕೊಂಡಿ ಹಾಕೂದ ಕಲತಾನು" ಎಂದು ಅಂಗಳಕ್ಕೆ ನಡೆದ.

ಸುಧಾರಾಣಿ ಕಣ್ಣು ಉಜ್ಜಿಕೊಂಡಳು. ಬೆಳಗಿನಿಂದ ಕರದಂಟು ಬಿಟ್ಟು ಅವಳ ಹೊಟ್ಟೆಗೆ ಬೇರೆ ಏನೂ ಬಿದ್ದಿರಲಿಲ್ಲ. "ಇನ್ನ ಸ್ವಲ್ಪ ಉಳದಾವ್ರಿ ಸರ್. ಎಲ್ಲಾ ಸರಿ ಅದಾವಲ್ಲಾ. ಇರ್ಲಿ ಬಿಡ್ರಿ, ನಾಳೆ ನಾನ ನೋಡ್ತೇನಿ."

"ಇರಬಾರದವ್ವಾ" ಎಂದ ಹುಲ್ಲಪ್ಪ, ಕನ್ನಡಕ ಒರೆಸಿ ಹಾಕಿಕೊಂಡು. "ತಗಿ."